ಅಮಾವಾಸ್ಯೆಯ ಬಿಸಿಲು

ಅವರೆಬೀಜಕ್ಕೆ ಮೊದಲ ಶತ್ರು ಹುಳುವಲ್ಲ, ಹಿತಿಕಿದ ಬೇಳೆ ಸಾರು. ಬಿಡದಿ, ಮಾಗಡಿ ಕಡೆ ಇಬ್ಬನಿಗೆ ಸೊಗಡೇರಿದ ಕಾಯಿಯನ್ನು ಕೀಳದೆ, ಗಿಡದಲ್ಲೇ ಒಣಗಲು ಬಿಡುವ ಮನೆಗೆ ಮಾತ್ರ ಮುಂದಿನ ವರ್ಷಕ್ಕೆ ಬೀಜವುಂಟು. ನಾಲಿಗೆಯನ್ನು ಗೆದ್ದು ಉಳಿಸಿದ ಆ ಕಾಳನ್ನು ಅಲ್ಲಿಂದಾಚೆಗೆ ಮುಖ್ಯವಾಗಿ ತೇವದಿಂದ ಕಾಯಬೇಕು. ಹುಳು, ಬೂಷ್ಟು, ಮೊಳೆಯದೆ ಮಣ್ಣಾಗುವುದು, ಬಹುಪಾಲು ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಬೀಜ ಕಾಯುವುದರ ಸುಖವೂ ಒಣಗಿಸುವುದರಲ್ಲೇ ಇದೆ. ಅವರೆಯನ್ನು ಹಲ್ಲಿಗಿಟ್ಟು ಕಚ್ಚಿದರೆ ಕಟಕ್ಕೆನ್ನಬೇಕು; ಕುಂಬಳದ ಬೀಜ ಬಗ್ಗಿಸಿದರೆ ಬಾಗದೆ ಮುರಿಯಬೇಕು; ಸೂರಿಗೆ ನೇತುಹಾಕಿದ ಹೀರೆಕಾಯಿ ಅಲ್ಲಾಡಿಸಿದರೆ ಚನ್ನಪಟ್ಟಣದ ಗಿಲಕಿಯ ಹಾಗೆ ಗಲಗಲ ಅನ್ನಬೇಕು. ತೇವ ಅಳೆಯುವ ಯಂತ್ರ ಹಿತ್ತಲಿಗೆ ಬೇಕಿಲ್ಲ.

ಹೆಂಚಿನ ಮನೆಗಳಲ್ಲಿ ಬೀಜದ ಗಡಿಗೆ, ಸೋರೆಬುರುಡೆಗಳು ಒಲೆಯ ಮೇಲಿನ ಅಟ್ಟ ಸೇರುತ್ತಿದ್ದವು. ಬೀಜಕ್ಕೆ ತಂಪು ಬೇಕಲ್ಲವೆ, ಅಟ್ಟದ ಕಾವಿನಲ್ಲಿ ಅದು ಬೇಗ ಸಾಯುವುದಿಲ್ಲವೆ ಎಂದು ಓದಿದವರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಅಮೆರಿಕದ ಬೀಜತಜ್ಞ ಹ್ಯಾರಿಂಗ್ಟನ್ ಹಾಕಿಕೊಟ್ಟ ಅಂದಾಜಿನ ಲೆಕ್ಕದಲ್ಲಿ ಕಾವು 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಬೀಜದ ಆಯಸ್ಸು ಇಮ್ಮಡಿ. ಆದರೆ ಅದೇ ಲೆಕ್ಕದಲ್ಲಿ ತೇವಾಂಶ ಶೇ. 1ರಷ್ಟು ಇಳಿದರೂ ಇಮ್ಮಡಿಯೇ. ಅಟ್ಟ ನಡುಮನೆಗಿಂತ 10 ಡಿಗ್ರಿ ಬಿಸಿ ಎಂದಿಟ್ಟುಕೊಳ್ಳೋಣ: ಆಯಸ್ಸು ಕಾಲುಭಾಗಕ್ಕೆ ಕುಗ್ಗಿತು. ಆ ಒಣ ಕಾವಿಗೆ ತೇವಾಂಶ ಶೇ. 13ರಿಂದ 9ಕ್ಕೆ ಇಳಿದಿದ್ದರೆ ಹದಿನಾರು ಪಟ್ಟು ಹಿಗ್ಗಿತು. ಕಳೆದು ಕೂಡಿದರೂ ಅಟ್ಟದ ಕಡೆಗೇ ನಾಲ್ಕು ಪಟ್ಟು ಲಾಭ. ಹೊಗೆಗೆ ಹುಳು ಹತ್ತಿರ ಸುಳಿಯದಿದ್ದದ್ದು ಮೇಲಿನ ಕೊಸರು. ಜರಡಿ ಹಿಡಿದ ಒಲೆಬೂದಿಯದೂ ಇಂಥದೇ ಕೆಲಸ. ಕಾಳಿನ ಸಂದುಗಳನ್ನು ಅದು ತುಂಬಿ ಹುಳುವಿಗೆ ಓಡಾಡಲು ಜಾಗ ಕೊಡುವುದಿಲ್ಲ, ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆದು ಅದನ್ನೂ ಒಣಗಿಸುತ್ತದೆ.

ಅಮಾವಾಸ್ಯೆಯ ದಿನ ಕಾಳನ್ನು ಬಿಸಿಲಿಗೆ ಹಾಕಿದರೆ ಹುಳು ಹಿಡಿಯದು ಅನ್ನುವ ಮಾತನ್ನು ನಕ್ಕು ತಳ್ಳಿಬಿಡಬಹುದು. ಚಂದ್ರನಿಗೂ ಕಾಳಿಗೂ ಏನು ನಂಟೋ ನನಗೂ ಕಾಣದು. ಆದರೆ ಕಾಳು ಕೊರೆಯುವ ದುಂಬಿ ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಮೂಡಿ ಹೊರಬರಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ತಿಂಗಳಿಗೊಮ್ಮೆ ತಪ್ಪದೆ ಹರಡಿ ಕೈಯಾಡಿಸಿದರೆ ದುಂಬಿ ಹಾರಿಹೋಗುತ್ತದೆ, ಸಿಪ್ಪೆಗಂಟಿದ ಮೊಟ್ಟೆಗಳಲ್ಲಿ ಕೆಲವಾದರೂ ಉದುರುತ್ತವೆ. ಮುಂದಿನ ಪೀಳಿಗೆ ಗಡಿಗೆಯೊಳಗೆ ನೆಲೆಯೂರುವುದಿಲ್ಲ. ಗೋಡೆಯಲ್ಲಿ ಕ್ಯಾಲೆಂಡರ್ ಇಲ್ಲದ ಕಾಲಕ್ಕೆ ಅಮಾವಾಸ್ಯೆಗಿಂತ ಒಳ್ಳೆಯ ಜ್ಞಾಪಕ ಬೇರೆ ಯಾವುದಿತ್ತು? ಒಂದೇ ಎಚ್ಚರ: ಬಿತ್ತುವ ಬೀಜವನ್ನು ನಡುಮಧ್ಯಾಹ್ನ ಕಾದ ತಾರಸಿಯ ಮೇಲೆ ಸುರಿಯಬಾರದು. ಗೋಣಿಚೀಲದ ಮೇಲೆ ಬೆಳಗಿನ ಬಿಸಿಲು ಸಾಕು. ಆರಿದ ಮೇಲೆ ತುಂಬಬೇಕು.

ಈಗ ಬಿಡದಿಯ ಬಹಳಷ್ಟು ಮನೆಗಳಲ್ಲಿ ಅಟ್ಟವಿಲ್ಲ, ಗ್ಯಾಸ್ ಒಲೆ ಬೂದಿ ಕೊಡುವುದಿಲ್ಲ. ಫ್ರಿಜ್ ಇರುವಾಗ ಈ ಪುರಾಣವೇಕೆ ಅನ್ನಬಹುದು. ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ 2008ರಿಂದ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಕಾಯುತ್ತಾರೆ ನಿಜ. ಆದರೆ ಅಲ್ಲಿಗೆ ಹೋಗುವ ಬೀಜವೂ ಮೊದಲು ಒಣಗಿ, ಗಾಳಿಯಾಡದ ಲಕೋಟೆ ಸೇರಿಯೇ ಹೋಗುತ್ತದೆ. ಕಾಗದದ ಪೊಟ್ಟಣದಲ್ಲಿ ಫ್ರಿಜ್ಜಿಗಿಟ್ಟ ಬೀಜ ಅಲ್ಲಿನ ತೇವ ಕುಡಿದು ಕೆಡುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿ, ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟು, ಹೊರತೆಗೆದಾಗ ಬಾಟಲಿಯ ಚಳಿ ಬಿಡುವವರೆಗೆ ಮುಚ್ಚಳ ತೆಗೆಯದಷ್ಟು ತಾಳ್ಮೆ: ಇಷ್ಟಿದ್ದರೆ ಫ್ರಿಜ್ಜೂ ಒಳ್ಳೆಯದೇ. ಅಂಗಡಿಯಲ್ಲಿ ಪ್ಯಾಕೆಟ್ ಸಿಗುವಾಗ ಈ ಪಾಡೇಕೆ ಅನ್ನುವವರಿಗೆ ಹೈಬ್ರಿಡ್ ಮಟ್ಟಿಗೆ ನನ್ನ ತಕರಾರಿಲ್ಲ. ಅದರ ಬೀಜ ಎತ್ತಿಟ್ಟರೂ ಮುಂದಿನ ಪೈರು ತಾಯಿಯಂತಿರದು. ಮನೆಯ ಸೋರೆ, ಹಿತ್ತಲ ಬದನೆ, ಸೊಗಡಿನ ಅವರೆ ಪ್ಯಾಕೆಟ್ಟಿನಲ್ಲಿ ಸಿಗುವುದು ಅಪರೂಪ.

ಆದರೂ ಒಣಗಿಸುವ ಮಾತಿಗೆ ಈ ಸೀಮೆಯಲ್ಲೇ ಎರಡು ಅಡ್ಡಿಗಳಿವೆ. ರಾಮನಗರದ ತೋಟಗಳ ಮಾವಿನ ವಾಟೆ ಮತ್ತು ಹಲಸಿನ ಬೀಜ ಒಣಗಿದರೆ ಸಾಯುತ್ತವೆ. ಅವಕ್ಕೆ ಅಟ್ಟವೂ ಬೇಡ, ಬೂದಿಯೂ ಬೇಡ, ಫ್ರಿಜ್ಜೂ ಬೇಡ. ಹಣ್ಣು ತಿಂದ ವಾರದೊಳಗೆ ಒದ್ದೆ ಮಣ್ಣು ಸಿಕ್ಕರೆ ಸಾಕು.