ಸಾಸಿವೆಯಷ್ಟು ಬಿಳಿ

ಪೀಣ್ಯದ ಒಂದು ಶೆಡ್ಡಿಗೆ ಟ್ರೈನಿಯಾಗಿ ಸೇರಿದ ದಿನ, ಸಾಲಾಗಿ ತೂಗುತ್ತಿದ್ದ ಕೆಂಪು, ನೀಲಿ, ಹೊಂಬಣ್ಣದ ಅಲ್ಯೂಮಿನಿಯಂ ನಾಬುಗಳನ್ನು ನೋಡಿ, “ಪೇಂಟ್ ಎಲ್ಲಿ ಹೊಡೀತಾರೆ ಸಾರ್?” ಅಂದೆ. ಫೋರ್‌ಮನ್ ನಕ್ಕರು. “ಪೇಂಟಲ್ಲಪ್ಪ, ಇದು ತುಕ್ಕು.”

ತುಕ್ಕೇ ಸರಿ. ಆದರೆ ಕಬ್ಬಿಣದ ತುಕ್ಕು ಕಬ್ಬಿಣವನ್ನೇ ತಿನ್ನುತ್ತದೆ, ಅಲ್ಯೂಮಿನಿಯಂನದು ಮೈಗಂಟಿ ಕಾಯುತ್ತದೆ. ಗಾಳಿ ಸೋಕಿದರೆ ಸಾಕು, ಆಕ್ಸೈಡಿನ ತೆಳುಪೊರೆ ತಾನಾಗಿ ಕಟ್ಟುತ್ತದೆ. ಅದನ್ನೇ ಕರೆಂಟು ಕೊಟ್ಟು ದಪ್ಪಗೆ ಬೆಳೆಸುವುದು ಆನೋಡೈಸಿಂಗ್. ಜಿಗ್ಗಿನ ಕೊಕ್ಕೆಗೆ ಸಿಕ್ಕಿಸಿದ ಮಾಲನ್ನು ಸಲ್ಫ್ಯೂರಿಕ್ ಆಸಿಡ್ಡಿನ ತೊಟ್ಟಿಯಲ್ಲಿ ಇಳಿಬಿಟ್ಟು ಪಾಸಿಟಿವ್ ಕಡೆಗೆ ಜೋಡಿಸಿದರೆ, ಹದಿನೈದು ವೋಲ್ಟಿನ ಆಸುಪಾಸಿನಲ್ಲೇ ಕೆಲಸ ನಡೆಯುತ್ತದೆ. ಬೆಳೆದ ಪೊರೆಯ ತುಂಬ ಜೇನುಹುಟ್ಟಿನಂಥ ರಂಧ್ರಗಳು. ಬಣ್ಣದ ನೀರಲ್ಲಿ ಅದ್ದಿದರೆ ಹೀರಿಕೊಳ್ಳುತ್ತವೆ, ಕುದಿನೀರಿಗೆ ಹಾಕಿದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತವೆ. ಇದೇ ಆಕ್ಸೈಡು ಭೂಮಿಯೊಳಗೆ ಹರಳುಗಟ್ಟಿ, ಚೂರು ಕ್ರೋಮಿಯಂ ಬೆರೆತರೆ ಮಾಣಿಕ್ಯ. ನಮ್ಮ ಶೆಡ್ಡಿನ ಸಂಬಳದಲ್ಲಿ ಮಾತ್ರ ಆ ನೆಂಟಸ್ತಿಕೆ ಕಾಣುತ್ತಿರಲಿಲ್ಲ.

ಈ ವಿದ್ಯೆ ಹುಟ್ಟಿದ್ದು ಅಂದಕ್ಕಲ್ಲ. ನೀರಿನ ಮೇಲಿಳಿಯುವ ವಿಮಾನಗಳ ಡ್ಯುರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಭಾಗಗಳನ್ನು ಸಮುದ್ರದ ಉಪ್ಪು ತಿನ್ನುತ್ತಿತ್ತು. 1923ರಲ್ಲಿ ಬ್ರಿಟನ್ನಿನ ಬೆಂಗೋ ಮತ್ತು ಸ್ಟುವರ್ಟ್ ಕ್ರೋಮಿಕ್ ಆಸಿಡ್ ಬಳಸಿ ಅವುಗಳಿಗೆ ಪೊರೆ ಕಟ್ಟಿದರು. 1927ರಲ್ಲಿ ಗೋವರ್ ಮತ್ತು ಓಬ್ರಿಯನ್ ಸಲ್ಫ್ಯೂರಿಕ್ ಆಸಿಡ್ಡಿನ ದಾರಿ ತೋರಿಸಿದರು. ಪೀಣ್ಯ ಹಿಡಿದದ್ದು ಆ ದಾರಿಯನ್ನೇ.

ನನ್ನ ಮಾನ ಹೋದದ್ದು ಹಾರ್ಡ್ ಆನೋಡೈಸಿಂಗಿನಲ್ಲಿ. ಆಸಿಡ್ಡನ್ನು ಮಂಜುಗಡ್ಡೆಯಷ್ಟು ತಣ್ಣಗಿಟ್ಟು 50 ಮೈಕ್ರಾನ್ ಪೊರೆ ಬೆಳೆಸಿದ ಪಿನ್ನುಗಳು ಒಂದೂ ತೂತಿಗೆ ಇಳಿಯಲಿಲ್ಲ. ಡ್ರಾಯಿಂಗ್ ನನ್ನದೇ. ಪೊರೆ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆಂಬ ಲೆಕ್ಕವನ್ನೇ ಬಿಟ್ಟಿದ್ದೆ. “ಮದುವೆಯಾದ್ಮೇಲೆ ಹುಡುಗರು ದಪ್ಪ ಆಗಲ್ವೇನೋ? ಹಂಗೇ ಇದು,” ಎಂದ ಫೋರ್‌ಮನ್ ಗದರಲಿಲ್ಲ. ಪೊರೆ ಕರಗಿಸಲು ಹೇಳಿದರು. ಒಳಗೆ ತಿಂದಿದ್ದ ಲೋಹ ಪೊರೆಯ ಜೊತೆಗೇ ಹೋಗಿ ಪಿನ್ನುಗಳು ಬಡಕಲಾದವು. ಮತ್ತೆ ತೊಟ್ಟಿಗಿಳಿಸಿ 50 ಮೈಕ್ರಾನ್ ಬೆಳೆಸಿದಾಗ ಸರಿಯಾಗಿ ಡ್ರಾಯಿಂಗಿನ ಅಳತೆಗೇ ಬಂದು ನಿಂತವು. ನನ್ನ ಡ್ರಾಯಿಂಗ್ ಸರಿಯೆಂದು ಸಾಬೀತಾಯಿತು, ಎರಡು ಸಲ ಕರೆಂಟು ಖರ್ಚಾದ ಮೇಲೆ.

ಆ ಕೆಲಸ ಬಿಟ್ಟು ವರ್ಷಗಳಾದವು, ಜಿಗ್ಗಿನ ಕಲೆ ಹುಡುಕುವ ಚಾಳಿ ಬಿಟ್ಟಿಲ್ಲ. ಜಿಗ್ ಕಚ್ಚಿದ ಜಾಗಕ್ಕೆ ಆಸಿಡ್ ತಾಕುವುದಿಲ್ಲ. ಪೊರೆಯೂ ಇಲ್ಲ, ಬಣ್ಣವೂ ಇಲ್ಲ. ಒಳ್ಳೆಯ ಕೆಲಸಗಾರ ಆ ಕಲೆಯನ್ನು ಯಾರ ಕಣ್ಣಿಗೂ ಬೀಳದ ಕಡೆ ಅಡಗಿಸುತ್ತಾನೆ. ಮೊನ್ನೆ ಮಗಳು ಹೊಸ ನೀಲಿ ಟಾರ್ಚ್ ತಂದಳು. ಬೆಳಕು ಹೇಗಿದೆ ಎಂದೂ ನೋಡದೆ ಹಿಂಬದಿಯ ಮುಚ್ಚಳ ಬಿಚ್ಚಿದೆ.

“ಅಪ್ಪಾ, ಅದನ್ನ ಯಾಕೆ ಬಿಚ್ತೀರಾ?”

ಸೆಲ್ ಹಾಕುವ ಬಾಯಿಯ ಒಳಗೆ, ತಿರುಪಿನ ಸುತ್ತುಗಳ ಹತ್ತಿರ, ಇತ್ತು. ಸಾಸಿವೆಯಷ್ಟು ಬಿಳಿ.