ಬಿಲ ತೋಡಿದವರು, ಬಿಲದಲ್ಲಿ ಸಿಕ್ಕವರು

ಅಮೆರಿಕದ ನೆಬ್ರಾಸ್ಕಾದಲ್ಲಿ ಅಗೇಟ್ ಎಂಬ ಊರಿನ ದಿಬ್ಬಗಳು. ಗಟ್ಟಿ ಮಣ್ಣಿನಲ್ಲಿ ನೆಟ್ಟಗೆ ನಿಂತ ಸುರುಳಿಗಳು, ಕೆಲವು ಆಳೆತ್ತರಕ್ಕೂ ಮೀರಿದವು. ಸುತ್ತಲಿನ ದನಗಾರರು ಅವನ್ನು ‘ಸೈತಾನನ ತಿರುಪು’ ಎನ್ನುತ್ತಿದ್ದರು. ವಯಸ್ಸು ಎರಡು ಕೋಟಿ ವರ್ಷಕ್ಕೂ ಹೆಚ್ಚು.

1891ರಲ್ಲಿ ಅವನ್ನು ಕಂಡ ಭೂವಿಜ್ಞಾನಿ ಎರ್ವಿನ್ ಬಾರ್ಬರ್ ಮೊದಲು ಸಿಹಿನೀರಿನ ಸ್ಪಂಜು ಎಂದರು, ಆಮೇಲೆ ಸಸ್ಯ ಎಂದರು. 1893ರಲ್ಲೇ ಎಡ್ವರ್ಡ್ ಕೋಪ್ ಮತ್ತು ಥಿಯೋಡರ್ ಫುಕ್ಸ್, ಇದು ದಂಶಕದ ಬಿಲ ಎಂದು ಬೇರೆ ಬೇರೆಯಾಗಿ ಹೇಳಿದರು. ಬಾರ್ಬರ್ ಒಪ್ಪಲಿಲ್ಲ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಸುರುಳಿಯ ಗೋಡೆಯಲ್ಲಿ ಸಸ್ಯದ ಅಂಗಾಂಶ ನಿಜವಾಗಿಯೂ ಇತ್ತು. ಒಣ ನೆಲದ ಗಿಡಗಳು ತೇವವನ್ನು ಅರಸಿ ಬಿಲದ ಗೋಡೆಗುಂಟ ಬೇರಿಳಿಸಿದ್ದವು. ಆ ಬೇರುಗಳ ಸುತ್ತ ಸಿಲಿಕಾ ಗಟ್ಟಿಯಾದದ್ದರಿಂದಲೇ ಬಿಲ ಉಳಿದುಬಂತು. ಕಣ್ಣಿಗೆ ಬಿದ್ದದ್ದು ಸರಿಯೇ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಪ್ಪಿತ್ತು.

ಒಳಗೆ ಸಿಕ್ಕ ಎಲುಬು ಪೇಲಿಯೋಕ್ಯಾಸ್ಟರ್ ಎಂಬ ಪುಟ್ಟ ಬೀವರ್‌ನದು. ಆದರೆ ಒಳಗೆ ಸತ್ತದ್ದೇ ಬಿಲವನ್ನು ತೋಡಿತೆಂದು ನಂಬುವುದು ಹೇಗೆ? ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ. ಉತ್ತರ ಗೋಡೆಯ ಮೇಲಿತ್ತು. 1977ರಲ್ಲಿ ಲ್ಯಾರಿ ಮಾರ್ಟಿನ್ ಮತ್ತು ಡೆಬ್ ಬೆನೆಟ್ ಗೋಡೆಯ ಗೀರುಗಳನ್ನು ಆ ಬೀವರ್‌ನ ಬಾಚಿಹಲ್ಲಿಗೆ ಹೋಲಿಸಿದರು. ಹೊಂದಿಕೊಂಡವು. ಅಂದರೆ ಅದು ಮಣ್ಣನ್ನು ಮುಖ್ಯವಾಗಿ ಹಲ್ಲಿನಿಂದಲೇ ಕೆತ್ತುತ್ತಿತ್ತು. ಎಲುಬು ಮಾತ್ರ ಸಿಕ್ಕಿದ್ದರೆ ಇದನ್ನು ಊಹಿಸಬಹುದಿತ್ತು, ಸಾಧಿಸಲಾಗುತ್ತಿರಲಿಲ್ಲ.

ಸುರುಳಿ ಏಕೆ? ನೇರ ಗುಂಡಿಗಿಂತ ಹತ್ತುವುದು ಸುಲಭವೇ? ಕೆಳಗಿನ ಗಾಳಿ ತಂಪಾಗಿ, ತೇವವಾಗಿ ಉಳಿಯುತ್ತಿತ್ತೇ? ತಳದ ಕೋಣೆ ಮೇಲ್ಮುಖವಾಗಿ ಓರೆಯಾಗಿರುವುದಕ್ಕೆ ನೀರು ನುಗ್ಗದಿರಲಿ ಎಂಬ ಕಾರಣ ಒಪ್ಪುತ್ತದೆ. ಸುರುಳಿಗೆ ಕೊಟ್ಟ ಕಾರಣಗಳಲ್ಲಿ ಯಾವುದೂ ನನಗೆ ಪೂರ್ತಿ ಸಾಲದು.

ಇಂಥದ್ದೇ ಒಂದು ಸುರುಳಿಯಲ್ಲಿ ಜೋಡಿಯೋಲೆಸ್ಟಿಸ್ ಎಂಬ ಮಾಂಸಾಹಾರಿಯೂ ಸಿಕ್ಕಿದೆ. ಬೇಟೆಗೆ ಇಳಿದದ್ದೋ, ಖಾಲಿ ಮನೆಯಲ್ಲಿ ಮಲಗಿದ್ದೋ?

ಇಂಥದೇ ಪ್ರಶ್ನೆ ಇನ್ನೊಂದು ಬಿಲದಲ್ಲೂ ಎದ್ದಿತು. ದಕ್ಷಿಣ ಆಫ್ರಿಕಾದ ಕರೂ ಪ್ರದೇಶ, ಸುಮಾರು 25 ಕೋಟಿ ವರ್ಷಗಳ ಹಿಂದೆ. ಭೂಮಿಯ ಜೀವಿಗಳ ಮಹಾವಿನಾಶ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಹೂಳು ತುಂಬಿ ಕಲ್ಲಾದ ಒಂದು ಬಿಲ 1975ರಲ್ಲಿ ಸಿಕ್ಕಿತು. ಅದನ್ನು ಒಡೆಯದೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸಿಂಕ್ರೋಟ್ರಾನ್ ಕ್ಷಕಿರಣದಿಂದ ನೋಡಿದರು. ಫಲಿತಾಂಶ ಹೊರಬಂದದ್ದು 2013ರಲ್ಲಿ. ಒಳಗೆ ಇಬ್ಬರು! ಒಂದು ಥ್ರಿನಾಕ್ಸೊಡಾನ್, ಸಸ್ತನಿಗಳ ದೂರದ ಬಂಧು. ಅದರ ಮಗ್ಗುಲಲ್ಲೇ ಬ್ರೂಮಿಸ್ಟೆಗಾ ಎಂಬ ಉಭಯಚರ, ಹೊಟ್ಟೆ ಮೇಲಾಗಿ.

ಕಚ್ಚಾಟದ ಗುರುತಿಲ್ಲ. ಬ್ರೂಮಿಸ್ಟೆಗಾದ ಪಕ್ಕೆಲುಬುಗಳು ಮುರಿದಿದ್ದವು, ಆದರೆ ಕೂಡಿಕೊಳ್ಳತೊಡಗಿದ್ದವು. ಅಂದರೆ ಪೆಟ್ಟು ಬಿದ್ದಮೇಲೂ ಅದು ಕೆಲಕಾಲ ಬದುಕಿತ್ತು. ಗಾಯಾಳು ಆಸರೆ ಹುಡುಕಿ ಒಳಬಂತು. ಮನೆಯೊಡೆಯ ಥ್ರಿನಾಕ್ಸೊಡಾನ್ ಬೇಸಿಗೆಯ ಗಾಢನಿದ್ರೆಯಲ್ಲಿದ್ದುದರಿಂದ ಓಡಿಸಲಿಲ್ಲ. ಆಮೇಲೆ ನೆರೆಯ ಹೂಳು ಇಬ್ಬರನ್ನೂ ಮುಚ್ಚಿತು. ಸಂಶೋಧಕರ ವಿವರಣೆ ಹೀಗಿದೆ. ನಿದ್ರೆಯ ಮಾತು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಆದರೂ ಇದಕ್ಕಿಂತ ಒಪ್ಪುವ ಬೇರೆ ಕಥೆ ನನಗೆ ಹೊಳೆಯುತ್ತಿಲ್ಲ.

ತೋಡಿದವರೇ ಒಳಗೆ ಸಿಕ್ಕ ಬಿಲವೂ ಉಂಟು. ಅಮೆರಿಕದ ಮೊಂಟಾನಾದ ಓರಿಕ್ಟೊಡ್ರೋಮಿಯಸ್, 2007ರಲ್ಲಿ ಹೆಸರಿಟ್ಟ ಪುಟ್ಟ ಡೈನೋಸಾರ್. ಸುಮಾರು ಒಂಬತ್ತೂವರೆ ಕೋಟಿ ವರ್ಷ ಹಳೆಯದು. ಬಿಲದಲ್ಲಿ ಒಂದು ದೊಡ್ಡದು, ಎರಡು ಮರಿ. ಬಿಲದ ಅಗಲ ದೊಡ್ಡದರ ಮೈಗೆ ತಕ್ಕಂತಿದೆ. ಭುಜದ ಮತ್ತು ಮೂತಿಯ ಎಲುಬುಗಳು ಅಗೆತಕ್ಕೆ ಒಗ್ಗಿವೆ. ಇಲ್ಲಿ ತೋಡಿದ್ದು, ಇದ್ದದ್ದು ಎರಡೂ ಒಂದೇ ಎನ್ನಲು ಧೈರ್ಯ ಬರುತ್ತದೆ. ಮರಿಗಳು ಸಾಕಷ್ಟು ಬೆಳೆದಿದ್ದವು ಎಂಬುದು ಇನ್ನೂ ಮುಖ್ಯ: ಮೊಟ್ಟೆಯೊಡೆದ ಮೇಲೂ ಹಿರಿಯರ ಜೊತೆಗೇ ಇದ್ದವು.

ಪಳೆಯುಳಿಕೆ ತೆಗೆಯುವವರಲ್ಲಿ ಒಂದು ಕೇಳಿಕೆ. ಎಲುಬಿನ ಸುತ್ತಲಿನ ಹೂಳುಗಲ್ಲನ್ನು ಕೆತ್ತಿ ಎಸೆಯುವ ಮುನ್ನ ಅದರ ಆಕಾರ ನೋಡಿ, ಮೇಲಿನ ಗೀರುಗಳನ್ನು ಅಳೆದು ಬರೆದಿಡಿ. ಕರೂವಿನ ಆ ಕಲ್ಲನ್ನು 1975ರಲ್ಲೇ ಒಡೆದಿದ್ದರೆ ಆ ಇಬ್ಬರೂ ಹೇಗೆ ಮಲಗಿದ್ದರೆಂಬುದು ಹೀಗೆ ಇಡಿಯಾಗಿ ಕಾಣುತ್ತಿರಲಿಲ್ಲ.