ಪಾಳಿಯ ವಾರ

ಲಂಡನ್, ಜನವರಿ 14, 2025, ಮಂಗಳವಾರ

ನಡುರಾತ್ರಿ ಫೋನು. ಈ ವಾರ ಡ್ಯೂಟಿ ಸಾಲಿಸಿಟರ್ ಪಾಳಿ ನನ್ನದು. ಹತ್ತೊಂಬತ್ತರ ಹುಡುಗ, ಮೊಬೈಲ್ ಕಸಿದ ಆರೋಪ. ಠಾಣೆಯಲ್ಲಿ ವಕೀಲರ ನೆರವು ಇಲ್ಲಿ ಎಲ್ಲರಿಗೂ ಪುಕ್ಕಟೆ. ಆದಾಯ ಎಷ್ಟೆಂದು ಯಾರೂ ಕೇಳರು.

ಮೊದಲು ಕಸ್ಟಡಿ ದಾಖಲೆ ಓದಿದೆ: ಎಷ್ಟು ಗಂಟೆಗೆ ತಂದರು, ಊಟ ಕೊಟ್ಟರೇ, ನಿದ್ದೆ ಸಿಕ್ಕಿತೇ. ದೋಷಾರೋಪ ಹೊರಿಸದೆ 24 ಗಂಟೆ ಇಟ್ಟುಕೊಳ್ಳಬಹುದು. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ ಅದನ್ನು 36ಕ್ಕೆ ಏರಿಸಬಹುದು. ಅದರಾಚೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು.

ತನಿಖಾಧಿಕಾರಿ ನನಗೆ ಕೊಟ್ಟದ್ದು ಅರ್ಧ ಪುಟದ ವಿವರ. ಸಿಸಿಟಿವಿ ದೃಶ್ಯ ಇದೆಯೆಂದರು, ತೋರಿಸಲಿಲ್ಲ. ಹುಡುಗನಿಗೋ ಎಲ್ಲವನ್ನೂ ಒದರಿ ಮನೆ ಸೇರುವ ಆತುರ. ಬಾಯಿ ಬಿಟ್ಟರೆ ಅವರ ಕೈಲಿರುವುದೇನೆಂದು ತಿಳಿಯದೆ ಸಿಕ್ಕಿಬೀಳಬಹುದು. ಪೂರ್ತಿ ಮೌನವೂ ಅಪಾಯವೇ: 1994ರ ಕಾಯ್ದೆ ಬಂದ ಮೇಲೆ, ಇಲ್ಲಿ ಹೇಳದ ಸಂಗತಿಯನ್ನು ಮುಂದೆ ಕೋರ್ಟಿನಲ್ಲಿ ಎತ್ತಿದರೆ ಜ್ಯೂರಿ ಅದನ್ನು ಅನುಮಾನಿಸಬಹುದು. ಆ ಹೊತ್ತಿನಲ್ಲಿ ಎಲ್ಲಿದ್ದ, ಯಾರ ಜೊತೆಗಿದ್ದ ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿಸಿದೆ. ಉಳಿದ ಪ್ರಶ್ನೆಗಳಿಗೆಲ್ಲ "ನೋ ಕಾಮೆಂಟ್". ಬೆಳಗಾಗುವಾಗ ಜಾಮೀನಿನ ಮೇಲೆ ಬಿಟ್ಟರು.

ಜನವರಿ 15, ಬುಧವಾರ

ಅಮ್ಮನ ಫೋನು. ಎಳ್ಳುಬೆಲ್ಲ ಬೀರಿದ ಸುದ್ದಿ ಮುಗಿಸಿ, "ನೀನು ಕೋರ್ಟಲ್ಲಿ ವಾದ ಮಾಡ್ತೀಯೋ ಇಲ್ವೋ?" ಅಂದರು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾನೇ. ಕ್ರೌನ್ ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಬ್ಯಾರಿಸ್ಟರ್ ಎಂದೆ. "ಕಷ್ಟ ನಿಂದು, ಹೆಸರು ಅವರದು!" ಮೈಸೂರಿನ ಎಲ್‌ಎಲ್‌ಬಿ, ಇಲ್ಲಿನ ಅರ್ಹತಾ ಪರೀಕ್ಷೆ, ಆಮೇಲೆ ಠಾಣೆ ಕೆಲಸಕ್ಕೇ ಬೇರೆ ಮಾನ್ಯತೆ. ಇಷ್ಟೆಲ್ಲ ದಾಟಿದ ಮಗಳ ಬಗ್ಗೆ ಅಮ್ಮನ ತೀರ್ಪು ಇದು.

ಜನವರಿ 17, ಶುಕ್ರವಾರ

ಮೈಸೂರಿನ ನಮ್ಮ ಸೀನಿಯರ್ ಠಾಣೆಗೆ ಓಡಿದ್ದು ಕಡಿಮೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ, ವಸ್ತು ಪತ್ತೆಗೆ ದಾರಿಯಾದಷ್ಟು ಭಾಗ ಬಿಟ್ಟರೆ, ನಮ್ಮಲ್ಲಿ ಸಾಕ್ಷ್ಯವೇ ಅಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೊಸದರಲ್ಲಿ 23 ಆಗಿದೆ, ಅಷ್ಟೇ. ಅವರ ಯುದ್ಧವೆಲ್ಲ ಜಾಮೀನು ಅರ್ಜಿಯಲ್ಲಿ, ಪಾಟೀಸವಾಲಿನಲ್ಲಿ. ಇಲ್ಲಿ ಠಾಣೆಯ ಧ್ವನಿಮುದ್ರಣವೇ ಸಾಕ್ಷ್ಯ. ಎಷ್ಟೋ ಕೇಸುಗಳು ಅಲ್ಲೇ ತೀರ್ಮಾನವಾಗಿಬಿಡುತ್ತವೆ.

ಇಲ್ಲಿನ ಈ ವ್ಯವಸ್ಥೆಯ ಹಿಂದೆ 1972ರ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಕೊಲೆ ಪ್ರಕರಣವಿದೆ. ಮೂವರು ಹುಡುಗರು ಪೊಲೀಸರೆದುರು ಒಪ್ಪಿಕೊಂಡರು. ಒಬ್ಬನಿಗೆ ಬುದ್ಧಿಮಾಂದ್ಯ, ಇಬ್ಬರು ಹದಿನಾರೂ ತುಂಬದವರು. 1975ರಲ್ಲಿ ಶಿಕ್ಷೆಗಳು ರದ್ದಾದವು. ವಿಚಾರಣೆ, ರಾಯಲ್ ಕಮಿಷನ್ ಎಲ್ಲ ಆಗಿ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಬಂತು. ನನ್ನ ಕುರ್ಚಿಯನ್ನು ಆ ಕೋಣೆಯೊಳಗೆ ಹಾಕಿದ್ದು ಅದೇ.

ನಮ್ಮ ಭಾರತದ ಕಾನೂನು ಠಾಣೆಯ ಮಾತನ್ನು ನಂಬುವುದಿಲ್ಲ, ಆದರೆ ವಿಚಾರಣೆಯ ಉದ್ದಕ್ಕೂ ವಕೀಲರನ್ನು ಜೊತೆಗೆ ಕೂರಿಸುವುದೂ ಇಲ್ಲ. ಮಾತು ತಳ್ಳಿಹೋದರೂ ಅದನ್ನು ಹೊರಡಿಸಲು ತಿಂದ ಏಟು ಹೋಗುವುದಿಲ್ಲವಲ್ಲ.

ಜನವರಿ 19, ಭಾನುವಾರ

ಪಾಳಿ ಪಟ್ಟಿಯಲ್ಲಿ ನರೆಗೂದಲಿನವರೇ ಹೆಚ್ಚು. 2014ರಲ್ಲಿ ಸರ್ಕಾರ ಕಾನೂನು ನೆರವಿನ ಫೀಸಿನಲ್ಲಿ ಶೇಕಡ 8.75 ಕತ್ತರಿಸಿದ ಪೆಟ್ಟು ಇನ್ನೂ ಕಾಣುತ್ತದೆ. ಕಿರಿಯರು ಆಸ್ತಿ ವ್ಯವಹಾರದ ಕಡೆ ನಡೆಯುತ್ತಾರೆ, ತಪ್ಪೆನ್ನಲಾರೆ.

ಮೊಬೈಲ್ ಕಸಿದ ಹೊತ್ತಿನಲ್ಲಿ ತಾನಿದ್ದೆನೆಂದು ಆ ಹುಡುಗ ಹೇಳಿದ ಕೋಳಿ ಅಂಗಡಿಗೆ ನಾಳೆ ಬೆಳಿಗ್ಗೆಯೇ ಪತ್ರ ಹೋಗಬೇಕು. ಅಂಥ ಕಡೆ ಕ್ಯಾಮೆರಾದ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ. ಅವನು ಅಲ್ಲಿ ಇದ್ದನೋ ಇಲ್ಲವೋ ನನಗೂ ಗೊತ್ತಿಲ್ಲ. ಇದ್ದಿದ್ದರೆ, ಅದನ್ನು ತೋರಿಸುವ ದಾರಿ ಅಳಿಸಿಹೋಗಬಾರದು.